ಅರ್ಧ ಗೇಮ್‌ಗೆ ಪೂರಾ ಜಾಹೀರಾತು

‘ಹತ್ತು ಸಾವಿರ ಬೂಸ್ಟ್‌ಗೆ ಹಾಕಿಬಿಟ್ರೆ ಸಾಕು ಸಾ, ಗೇಮ್ ತಾನಾಗೇ ಓಡುತ್ತೆ.’ ಗೇಮ್ ಮುಗಿದಿದೆಯೇನಪ್ಪಾ? ಇಲ್ಲ. ಯಾವಾಗ ಮುಗಿಯುತ್ತೆ? ಗೊತ್ತಿಲ್ಲ. ಹಾಗಾದರೆ ಓಡುವುದು ಏನು?

ಹನೂರಿನ ಹುಡುಗನೊಬ್ಬ ಮಾದಪ್ಪನ ಎಪ್ಪತ್ತೇಳು ಮಲೆಯ ಮೇಲೆ ಕಂಪ್ಯೂಟರ್ ಗೇಮ್ ಕಟ್ಟುತ್ತಿದ್ದಾನೆ ಅಂತಿಟ್ಟುಕೊಳ್ಳಿ. ಎರಡು ಮಲೆ ಸಿದ್ಧವಾಗಿವೆ. ಮೂರನೆಯದರಲ್ಲಿ ಕಾಲಿಟ್ಟವನು ನೆಲ ತೂರಿ ಪಾತಾಳಕ್ಕೆ ಬೀಳುತ್ತಾನೆ. ಯಳಂದೂರಿನಲ್ಲಿ ಬಸ್ಸಿಗೆ ಕಾಯುತ್ತಿರುವ ಹುಡುಗಿಯ ಮೊಬೈಲಿಗೆ ಇದರ ಜಾಹೀರಾತು ಬರುತ್ತದೆ. ಅದರಲ್ಲಿರುವ ಹುಲಿ ಚೆನ್ನಾಗಿದೆ, ಒತ್ತುತ್ತಾಳೆ. ಕೊಳ್ಳಲು ಏನೂ ಇಲ್ಲ, ಆಡಲು ಮನೆಯಲ್ಲಿ ಕಂಪ್ಯೂಟರೂ ಇಲ್ಲ. ಒಂದು ಲೈಕ್ ಕೊಟ್ಟು ಬಸ್ ಹತ್ತುತ್ತಾಳೆ. ಕ್ಲಿಕ್ಕಿನ ದುಡ್ಡು ಮಾತ್ರ ಅಷ್ಟರಲ್ಲಿ ಕಟ್ಟಾಗಿರುತ್ತದೆ.

ಮುಗಿದ ಗೇಮ್‌ಗೇ ಲೆಕ್ಕ ಹಾಕಿ ನೋಡಿ. ಕಂಪ್ಯೂಟರ್ ಗೇಮ್‌ಗಳ ಆನ್‌ಲೈನ್ ಅಂಗಡಿ ಸ್ಟೀಮ್‌ನಲ್ಲಿ 400 ರೂಪಾಯಿಗೆ ಮಾರಿದರೆ ಸ್ಟೀಮ್ ತನ್ನ ಪಾಲು ಶೇ. 30 ಹಿಡಿದುಕೊಳ್ಳುತ್ತದೆ. ಉಳಿದದ್ದು 280, ಅದರಲ್ಲಿ ತೆರಿಗೆ ಬೇರೆ. ಕ್ಲಿಕ್ಕಿಗೆ 5 ರೂಪಾಯಿ, ನೂರು ಜನರಲ್ಲಿ ಒಬ್ಬ ಕೊಂಡ ಅಂದುಕೊಂಡರೂ ಒಬ್ಬ ಗಿರಾಕಿಗೆ 500 ರೂಪಾಯಿ ಖರ್ಚು. ಮುಗಿಯದ ಗೇಮ್‌ಗೆ ಆ ಒಬ್ಬನೂ ಇಲ್ಲ.

ಹಾಗಂತ ಮುಗಿಯುವ ಮೊದಲೇ ‘ಅರ್ಲಿ ಆಕ್ಸೆಸ್’ ಹೆಸರಿನಲ್ಲಿ ಮಾರಾಟಕ್ಕಿಟ್ಟು ಜಾಹೀರಾತು ಸುರಿದರೆ ಇನ್ನೊಂದು ಪಜೀತಿ. ಕೊಂಡವನು ಮೂರನೇ ಮಲೆಯಲ್ಲಿ ಬಿದ್ದು ಕೋಪಗೊಳ್ಳುತ್ತಾನೆ. 14 ದಿನದೊಳಗೆ, ಎರಡು ಗಂಟೆಗಿಂತ ಕಡಿಮೆ ಆಡಿದ್ದರೆ ಸ್ಟೀಮ್ ಹಣ ವಾಪಸ್ ಕೊಡುತ್ತದೆ. ಅವನು ಬೈದು ಬರೆದ ವಿಮರ್ಶೆ ಮಾತ್ರ ಅಲ್ಲೇ ಕೂತಿರುತ್ತದೆ.

‘ದೊಡ್ಡ ಕಂಪನಿಯವರು ಹಾಕಲ್ವಾ?’ ಹಾಕುತ್ತಾರೆ. ಒಬ್ಬ ಆಟಗಾರನಿಂದ ತಿಂಗಳುಗಳಲ್ಲಿ ಎಷ್ಟು ಬರುತ್ತದೆಂದು ಲೆಕ್ಕ ಇಟ್ಟುಕೊಂಡು, ಅದಕ್ಕಿಂತ ಕಡಿಮೆ ಕೊಟ್ಟು ಅವನನ್ನು ಕರೆತರುತ್ತಾರೆ. ನಿಮ್ಮ ಹತ್ತಿರ ಆ ಲೆಕ್ಕ ಎಲ್ಲಿದೆ?

ಸ್ಟೀಮ್‌ನಲ್ಲಿ ಪುಟ ತೆರೆದು, ವಿಶ್‌ಲಿಸ್ಟ್ ಗುಂಡಿ ಸಿಕ್ಕ ಮೇಲೆ, ಎರಡು ಚಿತ್ರಗಳಲ್ಲಿ ಯಾವುದಕ್ಕೆ ಜನ ನಿಲ್ಲುತ್ತಾರೆಂದು ನೋಡಲು ಒಂದೆರಡು ಸಾವಿರ ಹಾಕಿದರೆ ನನ್ನ ತಕರಾರಿಲ್ಲ. ವಿಶ್‌ಲಿಸ್ಟ್ ಮಾಡಿದವರಿಗೆ ಬಿಡುಗಡೆಯ ದಿನ ಸ್ಟೀಮೇ ಮೇಲ್ ಕಳಿಸುತ್ತದೆ. ಡೆಮೊ ಇದ್ದರೆ ಸ್ಟೀಮ್‌ನ ಡೆಮೊ ಜಾತ್ರೆ ನೆಕ್ಸ್ಟ್ ಫೆಸ್ಟ್‌ನಲ್ಲಿ ಬಾಡಿಗೆಯಿಲ್ಲದೆ ಜಾಗವೂ ಸಿಗುತ್ತದೆ.

‘ಮೊದಲೇ ತೋರಿಸಿದರೆ ಐಡಿಯಾ ಕದೀತಾರೆ’: ನಿಮಗೇ ಮುಗಿಸಲಾಗದ್ದನ್ನು ಕದ್ದು ಯಾರು ಮುಗಿಸುತ್ತಾರೆ? ‘ಮೊದಲ ವಾರ ಓಡದಿದ್ದರೆ ಕತೆ ಮುಗೀತು’: 2018ರಲ್ಲಿ ಬಂದ ಅಮಾಂಗ್ ಅಸ್ ಮನೆಮಾತಾದದ್ದು 2020ರಲ್ಲಿ. ಪುಣೆಯ ನಾಡಿಂಗ್ ಹೆಡ್ಸ್‌ನವರ ‘ರಾಜಿ’ ಗೇಮ್‌ಗೆ 2017ರಲ್ಲಿ ಜನರಿಂದ ಹಣ ಎತ್ತುವ ಕಿಕ್‌ಸ್ಟಾರ್ಟರ್‌ನಲ್ಲಿ ಗುರಿಯಷ್ಟು ಹಣ ಹುಟ್ಟಲಿಲ್ಲ, ಆದರೂ 2020ರಲ್ಲಿ ಗೇಮ್ ಬಂತು.

ಕೊಳ್ಳೇಗಾಲದ ಹೆಸರು ಹೇಳಿಕೊಂಡು ವಶೀಕರಣ ಮಾರುವವರ ಪೋಸ್ಟರ್ ಕಂಡರೆ ಗೇಮ್ ಕಟ್ಟುವ ನಮ್ಮ ಈ ಹುಡುಗರೇ ಬಿದ್ದುಬಿದ್ದು ನಗುತ್ತಾರೆ. ‘ಹತ್ತು ಸಾವಿರ ಫಾಲೋವರ್ಸ್, ಗ್ಯಾರಂಟಿ’ ಅಂದವನಿಗೆ ಮಾತ್ರ ಮುಂಗಡ ಕೊಟ್ಟು ಬರುತ್ತಾರೆ. ಮಂತ್ರಿಸಿದ ನಿಂಬೆಹಣ್ಣಾದರೂ ಅಗ್ಗ, ಕೊನೆಗೆ ಪಾನಕಕ್ಕಾಗುತ್ತದೆ. ಆ ಮುಂಗಡದ ದುಡ್ಡಲ್ಲಿ ನಾಲ್ಕು ಜನ ಅಪರಿಚಿತರಿಗೆ ಕಾಫಿ ಕೊಡಿಸಿ, ಗೇಮ್ ಆಡಿಸಿ, ಬಾಯಿ ಮುಚ್ಚಿಕೊಂಡು ಹಿಂದೆ ನಿಂತು ನೋಡಿ ಅಂದರೆ, ‘ಅದಕ್ಕೆಲ್ಲ ಟೈಮೆಲ್ಲಿ ಸಾ?’