ಬೇಟೆಗೆ ಪರವಾನಗಿ, ಗಾಳಕ್ಕೆ ರುಸುಮು

ಕಾಡಿನ ಜಿಂಕೆಯನ್ನು ಯಾರೂ ಸಾಕಿದವರಿಲ್ಲ. ಹೊಳೆಯ ಮೀನಿಗೆ ಯಾರೂ ಮೇವು ಹಾಕಿದವರಿಲ್ಲ. ಹೀಗಿರಲು, ವಿನೋದಕ್ಕಾಗಿ ಬಂದೂಕು ಹಿಡಿದು ಹೊರಟವನೂ, ರಜೆಯ ದಿನ ಹೊಳೆಯ ದಡದಲ್ಲಿ ಗಾಳ ಹಾಕಿ ಕುಳಿತವನೂ ಸರ್ಕಾರಕ್ಕೆ ರುಸುಮು ತೆತ್ತು ಪರವಾನಗಿ ಪಡೆಯಬೇಕೆಂಬ ನಿಯಮ ಅನೇಕ ದೇಶಗಳಲ್ಲಿ ಏತಕ್ಕೆ ಬಂದಿತು? ಇದು ಬೊಕ್ಕಸವನ್ನು ತುಂಬುವ ಮತ್ತೊಂದು ಉಪಾಯವೆ? ಅಥವಾ ಇದರಿಂದ ಕಾಡಿಗೂ ಹೊಳೆಗೂ ಏನಾದರೂ ಪ್ರಯೋಜನವುಂಟೆ? ನಾವು ಇಲ್ಲಿ ವಿಚಾರಮಾಡಬೇಕೆಂದಿರುವುದು ಈ ಪ್ರಶ್ನೆಯನ್ನು. ಹೊಟ್ಟೆಪಾಡಿಗಾಗಿ ಬಲೆ ಬೀಸುವ ಬೆಸ್ತರ ವಿಷಯ ಬೇರೆ. ನಮ್ಮ ದೃಷ್ಟಿ ವಿನೋದದ ಬೇಟೆಯ ಮೇಲೆ ಮಾತ್ರ. ಈ ಏರ್ಪಾಡು ಬಹು ವಿಸ್ತಾರವಾಗಿ ಬೆಳೆದಿರುವುದು ಅಮೆರಿಕದ ಸಂಯುಕ್ತ ಸಂಸ್ಥಾನಗಳಲ್ಲಿ. ಆದುದರಿಂದ ಮೊದಲು ಅಲ್ಲಿನ ಸಂಗತಿಯನ್ನು ನೋಡಿ, ಆ ಬೆಳಕಿನಲ್ಲಿ ನಮ್ಮ ಕಾವೇರಿಯ ಕಡೆಗೆ ಬರುವೆವು.

ಮೊದಲು ತಿಳಿಯಬೇಕಾದುದು, ಕಾಡುಪ್ರಾಣಿಗೆ ಒಡೆಯನಾರು ಎಂಬುದು. ರೋಮನರ ನ್ಯಾಯಶಾಸ್ತ್ರದ ಪ್ರಕಾರ ಅದಕ್ಕೆ ಒಡೆಯನೇ ಇಲ್ಲ, ಹಿಡಿದವನೇ ಒಡೆಯನು. ಇಂಗ್ಲೆಂಡಿನ ದೊರೆಗಳಾದರೋ ಬೇಟೆಯ ಕಾಡುಗಳನ್ನು ತಮಗೆ ಮೀಸಲಾಗಿಟ್ಟುಕೊಂಡು, ಅಲ್ಲಿ ಜಿಂಕೆಯನ್ನು ಕೊಂದ ಪ್ರಜೆಯನ್ನು ಕಠಿಣವಾಗಿ ದಂಡಿಸಿದರು. ಅಮೆರಿಕದಲ್ಲಿ ಕ್ರಮೇಣ ನೆಲೆಗೊಂಡ ತತ್ತ್ವ ಈ ಎರಡಕ್ಕೂ ಭಿನ್ನವಾದುದು. ಕಾಡುಪ್ರಾಣಿಗಳು ಜನರೆಲ್ಲರಿಗೂ ಸೇರಿದ ಸೊತ್ತು; ಆಯಾ ಸಂಸ್ಥಾನದ ಸರ್ಕಾರ ಅವುಗಳ ಧರ್ಮದರ್ಶಿ. 1896ರಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಸ್ಥಾನ ಕನೆಕ್ಟಿಕಟ್ ಸಂಸ್ಥಾನದ ಮೊಕದ್ದಮೆಯೊಂದರಲ್ಲಿ ಈ ಅಭಿಪ್ರಾಯವನ್ನು ಎತ್ತಿಹಿಡಿಯಿತು. ಪ್ರಾಣಿಗಳು ಸಂಸ್ಥಾನದ ಸ್ವಂತ ಆಸ್ತಿಯೆಂಬ ಮಾತನ್ನು ಅದೇ ನ್ಯಾಯಸ್ಥಾನ 1979ರಲ್ಲಿ ಕೈಬಿಟ್ಟರೂ, ಅವುಗಳ ರಕ್ಷಣೆಗಾಗಿ ನಿಯಮಗಳನ್ನು ಮಾಡುವ ಅಧಿಕಾರ ಸಂಸ್ಥಾನಗಳಲ್ಲಿ ಉಳಿದುಬಂದಿದೆ. ಪರವಾನಗಿಯನ್ನು ಕೊಡುವ ಹಕ್ಕು ಹುಟ್ಟಿದುದು ಈ ಅಧಿಕಾರದಿಂದ.

ತತ್ತ್ವವಿದ್ದ ಮಾತ್ರಕ್ಕೆ ಪ್ರಾಣಿಗಳು ಉಳಿಯಲಿಲ್ಲ. ಹತ್ತೊಂಬತ್ತನೆಯ ಶತಮಾನದ ಅಮೆರಿಕದಲ್ಲಿ ಸಂಚಾರಿ ಪಾರಿವಾಳವೆಂಬ ಒಂದು ಹಕ್ಕಿಯಿದ್ದಿತು. ಅದರ ಹಿಂಡುಗಳು ಹಾರುವಾಗ ಗಂಟೆಗಟ್ಟಲೆ ಆಕಾಶ ಮುಚ್ಚಿಹೋಗುತ್ತಿದ್ದಿತಂತೆ. ಒಟ್ಟು ಸಂಖ್ಯೆ ನೂರಾರು ಕೋಟಿಯೆಂದು ವಿದ್ವಾಂಸರ ಅಂದಾಜು. ಹಕ್ಕಿಗಳು ಇಳಿದ ಜಾಗವನ್ನು ತಂತಿ ತಿಳಿಸಿತು. ಕೊಂದ ಹಕ್ಕಿಗಳನ್ನು ರೈಲು ಪಟ್ಟಣದ ಮಾರುಕಟ್ಟೆಗೆ ಒಯ್ದಿತು. ಆ ಜಾತಿಯ ಕಟ್ಟಕಡೆಯ ಹಕ್ಕಿ 1914ನೆಯ ಸೆಪ್ಟೆಂಬರ್ 1ರಂದು ಸಿನ್ಸಿನಾಟಿಯ ಮೃಗಾಲಯದಲ್ಲಿ ಸತ್ತಿತು. ಇದಕ್ಕೆ ಮುಂಚೆಯೇ, 1900ರಲ್ಲಿ, ಒಂದು ಸಂಸ್ಥಾನದ ಕಾಯಿದೆಗೆ ವಿರೋಧವಾಗಿ ಕೊಂದ ಪ್ರಾಣಿಯನ್ನು ಮತ್ತೊಂದು ಸಂಸ್ಥಾನಕ್ಕೆ ಸಾಗಿಸುವುದು ಅಪರಾಧವೆಂದು ಲೇಸಿ ಕಾಯಿದೆ ವಿಧಿಸಿತ್ತು. ಮಾರಾಟಕ್ಕಾಗಿ ಕೊಲ್ಲುವುದಕ್ಕೆ ತಡೆ ಹಾಕಿ, ವಿನೋದಕ್ಕಾಗಿ ಬೇಟೆಯಾಡುವವನಿಗೆ ಮಿತಿ ಹಾಕುವ ಕ್ರಮ ಹೀಗೆ ಬಲವಾಯಿತು.

ಆ ಮಿತಿಯ ಬರಹವೇ ಪರವಾನಗಿ. ಅದನ್ನು ಪ್ರಾಣಿಯ ಕ್ರಯಪತ್ರವೆಂದು ತಿಳಿಯಬಾರದು. ಯಾವ ಪ್ರಾಣಿ, ಯಾವ ತಿಂಗಳು, ಯಾವ ಪ್ರದೇಶ, ಯಾವ ಆಯುಧ, ದಿನಕ್ಕೆ ಎಷ್ಟು ಎಂಬ ನಿಬಂಧನೆಗಳೆಲ್ಲವೂ ಅದಕ್ಕೆ ಅಂಟಿಕೊಂಡೇ ಬರುತ್ತವೆ. ಮರಿಹಾಕುವ ಕಾಲದಲ್ಲಿ ಬೇಟೆ ನಿಲ್ಲುತ್ತದೆ. ದೊಡ್ಡ ಪ್ರಾಣಿಗಳಿಗೆ ಅನೇಕ ಕಡೆ ಒಂದೊಂದಕ್ಕೂ ಒಂದೊಂದು ಚೀಟಿಯುಂಟು. ಹೊಡೆದೊಡನೆ ಆ ಚೀಟಿಯನ್ನು ಪ್ರಾಣಿಗೆ ಕಟ್ಟಬೇಕು. ಆ ಮೇಲೆ ಅದು ಮತ್ತೊಂದು ಪ್ರಾಣಿಗೆ ಸಲ್ಲದು. ಪ್ರಾಣಿಗಳು ಕಡಮೆ, ಕೇಳುವವರು ಹೆಚ್ಚು ಎನ್ನುವ ಕಡೆ ಅದೃಷ್ಟದ ಚೀಟಿ ಎತ್ತಿ ಪರವಾನಗಿಯನ್ನು ಹಂಚುತ್ತಾರೆ. ಹಣವಂತನೆಂಬ ಕಾರಣದಿಂದಲೇ ಎಲ್ಲವೂ ಅವನ ಪಾಲಾಗಬಾರದೆಂಬುದು ಇದರ ಉದ್ದೇಶ.

ಹಾಗಾದರೆ ರುಸುಮು ಎಲ್ಲರಿಗೂ ಒಂದೇ ಸಮನೆ? ಇಲ್ಲ. ಊರವನಿಗೆ ಕಡಮೆ, ಹೊರಗಿನಿಂದ ಬಂದವನಿಗೆ ಹೆಚ್ಚು. ಇದು ನ್ಯಾಯವೆ ಎಂಬ ವಾದ ನ್ಯಾಯಸ್ಥಾನದವರೆಗೆ ಹೋಯಿತು. ನಮ್ಮ ಕಡವೆಗಿಂತಲೂ ದೊಡ್ಡದಾದ ಎಲ್ಕ್ ಎಂಬ ಜಿಂಕೆಯ ಬೇಟೆಗೆ ಮೊಂಟಾನಾ ಸಂಸ್ಥಾನದಲ್ಲಿ 1976ರಲ್ಲಿ ಅಲ್ಲಿನ ನಿವಾಸಿ 9 ಡಾಲರು ಕೊಟ್ಟರೆ ಸಾಕಾಗಿತ್ತು. ಹೊರಗಿನವನಿಗೆ ಎಲ್ಕಿನ ಪರವಾನಗಿ ಮಾತ್ರ ಪ್ರತ್ಯೇಕವಾಗಿ ದೊರೆಯುತ್ತಿರಲಿಲ್ಲ. ಹಲವು ಪ್ರಾಣಿಗಳನ್ನು ಒಟ್ಟುಗೂಡಿಸಿದ ಪರವಾನಗಿಯನ್ನು 225 ಡಾಲರಿಗೆ ಕೊಳ್ಳಬೇಕಾಗಿತ್ತು. 1978ರಲ್ಲಿ ಸರ್ವೋಚ್ಚ ನ್ಯಾಯಸ್ಥಾನ ಈ ವ್ಯತ್ಯಾಸವನ್ನು ಊರ್ಜಿತಗೊಳಿಸಿತು. ಎಲ್ಕಿನ ಬೇಟೆ ಹೊರಗಿನವನಿಗೆ ವಿನೋದವೇ ಹೊರತು ಜೀವನೋಪಾಯವಲ್ಲ. ಆದುದರಿಂದ ಅದನ್ನು ಎಲ್ಲ ಸಂಸ್ಥಾನಗಳ ಪ್ರಜೆಗಳಿಗೂ ಸಮನಾಗಿ ಸಲ್ಲಬೇಕಾದ ಮೂಲಭೂತ ಹಕ್ಕುಗಳ ಸಾಲಿಗೆ ಸೇರಿಸಲಾಗದು ಎಂಬುದು ಅದರ ತೀರ್ಪಿನ ಸಾರ.

ಈಗ ಮುಖ್ಯವಾದ ಮಾತಿಗೆ ಬರೋಣ. ರುಸುಮು ಎಷ್ಟು ಎಂಬುದಕ್ಕಿಂತ, ಆ ಹಣ ಎಲ್ಲಿಗೆ ಹೋಗುತ್ತದೆ ಎಂಬುದು ದೊಡ್ಡ ಪ್ರಶ್ನೆ. ಬೇಟೆಗಾರನು ತೆತ್ತ ಹಣ ರಸ್ತೆಗೋ ಕಟ್ಟಡಕ್ಕೋ ಹರಿದುಹೋದರೆ ಕಾಡಿಗೆ ಬಂದ ಲಾಭವೇನು? 1937ನೆಯ ಸೆಪ್ಟೆಂಬರ್ 2ರಂದು ಅಧ್ಯಕ್ಷ ರೂಸ್‌ವೆಲ್ಟರು ಅಂಕಿತ ಹಾಕಿದ ಪಿಟ್‌ಮನ್–ರಾಬರ್ಟ್‌ಸನ್ ಕಾಯಿದೆ ಈ ಪ್ರಶ್ನೆಗೆ ಉತ್ತರ ಕೊಟ್ಟಿತು. ಬಂದೂಕು ಮತ್ತು ಮದ್ದುಗುಂಡುಗಳ ಮೇಲೆ ಕೇಂದ್ರ ಸರ್ಕಾರ ವಿಧಿಸುವ ಸುಂಕವನ್ನು ವನ್ಯಜೀವಿಗಳ ಪುನರುದ್ಧಾರಕ್ಕೆ ಮೀಸಲಿಟ್ಟು, ಅದನ್ನು ಸಂಸ್ಥಾನಗಳಿಗೆ ಹಂಚಬೇಕೆಂದು ಅದು ವಿಧಿಸಿತು. ಉದ್ದ ನಳಿಕೆಯ ಬಂದೂಕಿಗೂ ತೋಟಾಗಳಿಗೂ ಈ ಸುಂಕ ನೂರಕ್ಕೆ 11. ಹಂಚಿಕೆಯಲ್ಲಿ ಅರ್ಧ ಭಾಗ ಸಂಸ್ಥಾನದ ವಿಸ್ತೀರ್ಣವನ್ನೂ, ಉಳಿದ ಅರ್ಧ ಅಲ್ಲಿ ಪರವಾನಗಿ ಪಡೆದವರ ಸಂಖ್ಯೆಯನ್ನೂ ಅನುಸರಿಸುತ್ತದೆ. ಒಪ್ಪಿಗೆಯಾದ ಕಾರ್ಯದ ವೆಚ್ಚದಲ್ಲಿ ಮುಕ್ಕಾಲು ಪಾಲಿನವರೆಗೆ ಕೇಂದ್ರ ಭರಿಸಿದರೆ, ಉಳಿದುದನ್ನು ಸಂಸ್ಥಾನ ಹೊಂದಿಸಬೇಕು.

ಇವೆಲ್ಲಕ್ಕೂ ಒಂದು ಷರತ್ತುಂಟು. ಕಾಯಿದೆಯ ಜೀವವಿರುವುದು ಅದರಲ್ಲಿ. ಬೇಟೆಗಾರರಿಂದ ಬಂದ ರುಸುಮನ್ನು ವನ್ಯಜೀವಿ ಇಲಾಖೆಯ ಕೆಲಸಕ್ಕಲ್ಲದೆ ಬೇರೆ ಯಾವುದಕ್ಕೂ ವಿನಿಯೋಗಿಸುವುದಿಲ್ಲವೆಂದು ಸಂಸ್ಥಾನ ತನ್ನದೇ ಕಾನೂನಿನಿಂದ ಕಟ್ಟುಹಾಕಿಕೊಳ್ಳಬೇಕು. ಹಾಗೆ ಮಾಡದ ಸಂಸ್ಥಾನಕ್ಕೆ ಕೇಂದ್ರದ ಹಣವಿಲ್ಲ. ಹಣದ ಕೊರತೆ ಬಂದಾಗ ಯಾವ ಮಂತ್ರಿಯ ಕೈಯೂ ಈ ಹುಂಡಿಯ ಕಡೆಗೆ ಸುಲಭವಾಗಿ ಚಾಚಲಾರದು. 1950ರಲ್ಲಿ ಡಿಂಗೆಲ್–ಜಾನ್‌ಸನ್ ಕಾಯಿದೆ ಇದೇ ಕ್ರಮವನ್ನು ಗಾಳದ ಸಾಮಗ್ರಿಗೂ ಮೀನಿಗೂ ವಿಸ್ತರಿಸಿತು. ಬಿಳಿಬಾಲದ ಜಿಂಕೆ, ಕಾಡು ಟರ್ಕಿ ಕೋಳಿ, ಮರಬಾತು ಮುಂತಾದುವು ಒಂದು ಕಾಲದಲ್ಲಿ ಬಹಳ ವಿರಳವಾಗಿದ್ದು, ಮತ್ತೆ ಅನೇಕ ಸಂಸ್ಥಾನಗಳಲ್ಲಿ ತುಂಬಿಕೊಂಡುದಕ್ಕೆ ಈ ಮೀಸಲು ಹಣವೂ ಒಂದು ಕಾರಣ.

ಇದಕ್ಕಿಂತಲೂ ಸರಳವಾದ ಉದಾಹರಣೆ ಬಾತಿನ ಸ್ಟಾಂಪು. ನೀರುಹಕ್ಕಿಗಳ ಬೇಟೆಯಾಡುವ, 16 ವರ್ಷ ತುಂಬಿದ ಪ್ರತಿಯೊಬ್ಬರೂ ಪ್ರತಿವರ್ಷ ಒಂದು ಸ್ಟಾಂಪನ್ನು ಕೊಳ್ಳಬೇಕೆಂಬ ಕಾಯಿದೆ 1934ರಲ್ಲಿ ಜಾರಿಗೆ ಬಂದಿತು. ಮೊದಲನೆಯ ಸ್ಟಾಂಪಿನ ಚಿತ್ರವನ್ನು ಬರೆದವರು ಪ್ರಸಿದ್ಧ ವ್ಯಂಗ್ಯಚಿತ್ರಕಾರರಾದ ಜೆ. ಎನ್. ಡಾರ್ಲಿಂಗ್ ಅವರು. ಅದರ ಬೆಲೆ 1 ಡಾಲರು. 2015ರಲ್ಲಿ ಅದನ್ನು 25 ಡಾಲರಿಗೆ ಏರಿಸಲಾಯಿತು. ಪ್ರತಿ ಡಾಲರಿನಲ್ಲಿ 98 ಸೆಂಟುಗಳು ಜೌಗುನೆಲ ಮತ್ತು ಹಕ್ಕಿಗಳ ಆಶ್ರಯಸ್ಥಾನಗಳನ್ನು ಕೊಳ್ಳುವುದಕ್ಕೂ ಗೇಣಿಗೆ ಹಿಡಿಯುವುದಕ್ಕೂ ಸಲ್ಲುತ್ತವೆ. ಹೀಗೆ ರಕ್ಷಿತವಾದ ನೆಲ 60 ಲಕ್ಷ ಎಕರೆಗೆ ಮಿಕ್ಕಿದೆ. ಹಕ್ಕಿಯನ್ನು ಹೊಡೆಯುವವನ ಹಣದಿಂದಲೇ ಹಕ್ಕಿಗೆ ಕೆರೆ ದೊರೆಯುವುದು ವಿಚಿತ್ರವಾಗಿ ತೋರಬಹುದು. ಆದರೆ ಲೆಕ್ಕ ಸ್ಪಷ್ಟವಾಗಿದೆ.

ಇಷ್ಟರಿಂದ ಈ ಏರ್ಪಾಡು ನಿರ್ದೋಷವಾದುದೆಂದು ನಾವು ಹೇಳುವುದಿಲ್ಲ. ಬೇಟೆಗಾರನ ಹಣ ಬೇಟೆಯ ಪ್ರಾಣಿಯನ್ನೇ ಹೆಚ್ಚಾಗಿ ಹಿಂಬಾಲಿಸುವುದು ಸಹಜ. ಕಪ್ಪೆ, ಚಿಟ್ಟೆ, ಹಾಡುಹಕ್ಕಿಗಳಿಗೆ ರುಸುಮು ಕೊಡುವವರಾರು? 2016ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಅಮೆರಿಕದಲ್ಲಿ ಬೇಟೆಗಾರರು ಸುಮಾರು 1 ಕೋಟಿ 15 ಲಕ್ಷ. ಗಾಳ ಹಾಕುವವರು ಸುಮಾರು 3 ಕೋಟಿ 58 ಲಕ್ಷ. ಪ್ರಾಣಿಪಕ್ಷಿಗಳನ್ನು ಬರಿದೆ ನೋಡಿ ಸಂತೋಷಪಡುವವರು ಸುಮಾರು 8 ಕೋಟಿ 60 ಲಕ್ಷ. ನೋಡುವವರ ಗುಂಪು ಎಲ್ಲಕ್ಕಿಂತ ದೊಡ್ಡದು. ಆದರೆ ನೋಡುವುದಕ್ಕೆ ಪರವಾನಗಿಯಿಲ್ಲ, ರುಸುಮೂ ಇಲ್ಲ. ಮಿಸೂರಿ ಸಂಸ್ಥಾನದ ಜನ ಇದನ್ನು ಮನಗಂಡು, 1976ರಲ್ಲಿ ಮತ ಹಾಕಿ, ಮಾರಾಟ ತೆರಿಗೆಯಲ್ಲಿ ಒಂದು ಸಣ್ಣ ಅಂಶವನ್ನು ಈ ಕೆಲಸಕ್ಕೆ ಮೀಸಲಿಟ್ಟರು. ನೂರು ಡಾಲರಿನ ಸರಕು ಕೊಂಡರೆ ಹನ್ನೆರಡೂವರೆ ಸೆಂಟು. ಬೇಟೆಗಾರನಾಗಲಿ ಗೃಹಿಣಿಯಾಗಲಿ, ಕಾಡಿನ ಒಡೆಯರೆಲ್ಲರೂ ಅಲ್ಲಿ ಒಂದಿಷ್ಟು ತೆರುವರು.

ಇನ್ನು ನಮ್ಮ ಕಡೆಗೆ ಬರೋಣ. ಮೈಸೂರು ಸಂಸ್ಥಾನದಲ್ಲಿ ಬೇಟೆಯ ಪ್ರಾಣಿಗಳ ಮತ್ತು ಮೀನುಗಳ ರಕ್ಷಣೆಗಾಗಿ 1901ರಲ್ಲಿಯೇ ಒಂದು ರೆಗ್ಯುಲೇಷನ್ ಬಂದಿತು. ಅದಕ್ಕೂ ಮುಂಚೆ, ಬ್ರಿಟಿಷ್ ಇಂಡಿಯಾದಲ್ಲಿ ಸಿಡಿಮದ್ದಿನಿಂದಲೂ ವಿಷದಿಂದಲೂ ಮೀನು ಹಿಡಿಯುವುದನ್ನು 1897ರ ಕಾಯಿದೆ ನಿಷೇಧಿಸಿತ್ತು. ಆದರೆ ದೇಶದಲ್ಲಿ ಬೇಟೆಯ ಪರವಾನಗಿಗಳು ನಡೆಯುತ್ತಿದ್ದಂತೆಯೇ ಹುಲಿ ಕ್ಷೀಣಿಸಿತು. 1970ರಲ್ಲಿ ಹುಲಿಯ ಬೇಟೆ ನಿಂತಿತು. 1972ರ ಗಣತಿಯಲ್ಲಿ ಕಂಡ ಹುಲಿಗಳು ಸುಮಾರು 1,800 ಮಾತ್ರ. ಅದೇ ವರ್ಷದ ವನ್ಯಜೀವಿ ಸಂರಕ್ಷಣಾ ಕಾಯಿದೆಯಲ್ಲಿ ದೊಡ್ಡ ಬೇಟೆ, ಸಣ್ಣ ಬೇಟೆಗಳ ಪರವಾನಗಿಗಳಿಗೆ ಇನ್ನೂ ಸ್ಥಾನವಿದ್ದಿತು. 1991ರ ತಿದ್ದುಪಡಿ ಅವನ್ನೂ ತೆಗೆದುಹಾಕಿತು. ಹೀಗೆ ಬಂದೂಕಿನ ವಿನೋದ ನಮ್ಮಲ್ಲಿ ಮುಗಿಯಿತು. ಹಿಮಾಚಲ ಪ್ರದೇಶ, ಕಾಶ್ಮೀರಗಳ ಟ್ರೌಟ್ ಹೊಳೆಗಳಂಥ ಕಡೆ ಗಾಳದ ಪರವಾನಗಿ ಮಾತ್ರ ಉಳಿದುಬಂದಿತು.

ಕಾವೇರಿಯ ಕಥೆ ಇದಕ್ಕಿಂತ ತೊಡಕಾದುದು. ಇಲ್ಲಿನ ಮಹಶೀರ್ ಮೀನು ಗಾಳಗಾರರಲ್ಲಿ ಲೋಕಪ್ರಸಿದ್ಧವಾದುದು. 1946ರಲ್ಲಿ ಮೈಸೂರಿನ ಡಿ ವೆಟ್ ವ್ಯಾನ್ ಇಂಗೆನ್ ಅವರು ಕಬಿನಿಯಲ್ಲಿ ಹಿಡಿದ ಮೀನು 120 ಪೌಂಡು ತೂಗಿತು. ಮುಂದೆ ಶಿವನಸಮುದ್ರದಿಂದ ಕೆಳಗೆ ಭೀಮೇಶ್ವರಿ, ಗಾಳಿಬೋರೆ ಮೊದಲಾದ ಕಡೆ ಗಾಳಗಾರರ ಬಿಡಾರಗಳು ಏರ್ಪಟ್ಟುವು. ಹಣ ತೆತ್ತು ಬಂದವರು ಮೀನನ್ನು ಹಿಡಿದು, ತೂಗಿ, ಮತ್ತೆ ಹೊಳೆಗೇ ಬಿಡಬೇಕು. ಆ ಹಣದಿಂದ ಹೊಳೆಗೆ ಕಾವಲು ಬಂದಿತು. ಮೊದಲು ಸಿಡಿಮದ್ದು ಎಸೆಯುತ್ತಿದ್ದ ಊರವರಲ್ಲಿಯೇ ಕೆಲವರಿಗೆ ಕಾವಲಿನ ಮತ್ತು ದಾರಿ ತೋರಿಸುವ ಕೆಲಸ ದೊರೆಯಿತು. ಆದರೆ ಆ ಪ್ರದೇಶ ವನ್ಯಜೀವಿಧಾಮಕ್ಕೆ ಸೇರಿದುದು. ಅಲ್ಲಿ ಪ್ರಾಣಿಯನ್ನು ಹಿಡಿಯುವುದೂ ಬೇಟೆಯೇ ಎಂಬುದು ಕಾಯಿದೆಯ ಅರ್ಥವೆಂದು ತಿಳಿದು, 2012ರ ವೇಳೆಗೆ ಗಾಳವನ್ನು ನಿಲ್ಲಿಸಲಾಯಿತು. ಅಭಯಧಾಮದಲ್ಲಿ ಒಂದು ಜೀವಿಗೆ ಅಭಯ, ಮತ್ತೊಂದಕ್ಕೆ ಗಾಳ ಎಂಬುದು ಸರಿಯೆ ಎಂಬ ವಾದಕ್ಕೆ ಬಲವಿಲ್ಲದಿಲ್ಲ. ಗಾಳಗಾರರು ಹೋದರೆ ಕಾವಲೂ ಹೋಗುವುದು, ಸಿಡಿಮದ್ದು ಹಿಂದಿರುಗುವುದು ಎಂಬ ಎದುರುವಾದವನ್ನು ವಿಜ್ಞಾನಿಗಳು 2013ರಲ್ಲಿ ಮಂಡಿಸಿದರು.

ಈ ಬಿಡಾರಗಳಿಂದ ಆದ ಮತ್ತೊಂದು ಪ್ರಯೋಜನ ಹಲವರ ಗಮನಕ್ಕೆ ಬಂದಿಲ್ಲ. ಗಾಳಿಬೋರೆಯಲ್ಲಿ 1998ರಿಂದ 2012ರವರೆಗೆ ಹಿಡಿದು ಬಿಟ್ಟ ಆರು ಸಾವಿರಕ್ಕೆ ಮಿಕ್ಕಿದ ಮಹಶೀರ್‌ಗಳ ಲೆಕ್ಕ ಪುಸ್ತಕದಲ್ಲಿ ಉಳಿದಿದ್ದಿತು. ಆ ಲೆಕ್ಕವನ್ನು ವಿಜ್ಞಾನಿಗಳು ಪರೀಕ್ಷಿಸಿದಾಗ ಒಂದು ಕಳವಳದ ಸಂಗತಿ ಹೊರಬಿದ್ದಿತು. ಒಟ್ಟು ಮಹಶೀರ್ ಹೆಚ್ಚುತ್ತಿದ್ದರೂ, ಅವುಗಳಲ್ಲಿ ಬಹುಪಾಲು ಹೊರಗಿನಿಂದ ಮರಿಗಳನ್ನು ತಂದು ಬಿಟ್ಟ ನೀಲಿ ಈಜುರೆಕ್ಕೆಯ ಜಾತಿ. ಕಾವೇರಿಗೇ ವಿಶಿಷ್ಟವಾದ ಗೂನುಬೆನ್ನಿನ ಮಹಶೀರ್ ವರ್ಷದಿಂದ ವರ್ಷಕ್ಕೆ ಕುಸಿಯುತ್ತಿದ್ದಿತು. ಹೊಳೆಯನ್ನು ತುಂಬಿಸಬೇಕೆಂಬ ಸದುದ್ದೇಶದಿಂದ ಮಾಡಿದ ಕೆಲಸವೇ ಹೊಳೆಯ ಮೂಲನಿವಾಸಿಗೆ ಕಂಟಕವಾಯಿತೆಂದು ವಿಜ್ಞಾನಿಗಳ ಶಂಕೆ. ಈ ಗೂನುಬೆನ್ನಿನ ಮೀನು ಟಾರ್ ರೆಮದೇವಿ ಎಂಬ ಜಾತಿಗೆ ಸೇರಿದುದೆಂದು ನಿರ್ಣಯವಾದುದು 2018ರಲ್ಲಿ. ಅದೇ ವರ್ಷ ಅದನ್ನು ಅತ್ಯಂತ ಅಪಾಯದಲ್ಲಿರುವ ಜೀವಿಗಳ ಅಂತಾರಾಷ್ಟ್ರೀಯ ಪಟ್ಟಿಗೆ ಸೇರಿಸಿದರು. ಗಾಳಗಾರರ ಲೆಕ್ಕಪುಸ್ತಕವಿಲ್ಲದಿದ್ದರೆ ಅದು ಕುಸಿಯುತ್ತಿದ್ದುದು ತಿಳಿಯುವ ಬಗೆಯೇ ಇರುತ್ತಿರಲಿಲ್ಲ.

ಇದರಿಂದ ನಾವು ಗ್ರಹಿಸಬೇಕಾದುದಿಷ್ಟು. ರುಸುಮು ತಾನಾಗಿ ಒಂದು ಪ್ರಾಣಿಯನ್ನೂ ಉಳಿಸದು. ಅದನ್ನು ಎತ್ತಿಹಾಕಿದ ಮಾತ್ರಕ್ಕೂ ಯಾವ ಪ್ರಾಣಿಯೂ ಉಳಿಯದು. ಪರವಾನಗಿಯ ಯಾವ ಏರ್ಪಾಡನ್ನಾದರೂ ಮೂರು ಪ್ರಶ್ನೆಗಳಿಂದ ಪರೀಕ್ಷಿಸಬೇಕು. ಅದು ನಿಜವಾಗಿ ಮಿತಿ ಹಾಕುವುದೆ? ಅದರ ಹಣ ಬೇರೆಡೆಗೆ ಹರಿಯದಂತೆ ಕಟ್ಟೆಯುಂಟೆ? ಕೊಂದುದಕ್ಕೂ ಬಿಟ್ಟುದಕ್ಕೂ ಯಾರಾದರೂ ಲೆಕ್ಕವಿಡುತ್ತಿರುವರೆ? ಮೂರಕ್ಕೂ ಉತ್ತರ ದೊರೆತರೆ ಪರವಾನಗಿಯ ಚೀಟಿ ಕಾವಲುಗಾರನಾಗುವುದು. ದೊರೆಯದಿದ್ದರೆ ಅದು ಬರಿಯ ರಸೀತಿ. ವಿನೋದವೇ ಬೇಡವೆಂದು ಬಾಗಿಲು ಮುಚ್ಚಿದ ಕಡೆಯಲ್ಲಿಯೂ ಕಾವಲಿನ ವೆಚ್ಚ ತಪ್ಪುವುದಿಲ್ಲ, ಲೆಕ್ಕದ ಹೊಣೆಯೂ ತಪ್ಪುವುದಿಲ್ಲ. ಅಲ್ಲಿ ಗಾಳಗಾರನು ತೆರುತ್ತಿದ್ದುದನ್ನು ಹೊಳೆಯ ಒಡೆಯರಾದ ನಾವೆಲ್ಲರೂ ತೆರಬೇಕಾಗುವುದು.