ಪೊರೆ ಹಣ್ಣಾಗುವವರೆಗೆ ಕಾಯಬೇಕೆ?
ಕಣ್ಣಿನ ತಪಾಸಣೆಗೆ ಬೆಂಗಳೂರಿಗೆ ಹೊರಡುವ ಸದಸ್ಯರಿಗೆ

ನಮ್ಮ ಸದಸ್ಯರಲ್ಲಿ ಅರವತ್ತು ದಾಟಿದವರು ಕಡಿಮೆಯಿಲ್ಲ. ಅವರಲ್ಲಿ ಕೆಲವರಿಗೆ ಕಣ್ಣಿನ ಪೊರೆ ಬಂದಿರುವುದು ಅವರ ಬಾಯಿಂದ ತಿಳಿಯುವ ಮೊದಲೇ ಅವರು ತರುವ ಮಾಲಿನಿಂದ ನಮಗೆ ತಿಳಿದುಬಿಡುತ್ತದೆ. ಹಣ್ಣಿನ ಜೊತೆ ಅರೆಹಣ್ಣು ಬೆರೆತಿರುತ್ತದೆ. ಚಾಲಿಯಲ್ಲಿ ಬಣ್ಣಗೆಟ್ಟ ಅಡಿಕೆ ಆರಿಸದೆ ಉಳಿದಿರುತ್ತದೆ. ಪೊರೆ ಬೆಳೆದಂತೆ ಬಿಳಿ ಬಣ್ಣ ಹಳದಿಯಾಗಿ, ಉಳಿದ ಬಣ್ಣಗಳು ಮಾಸಿದಂತೆ ಕಾಣುವುದರಿಂದ ಹೀಗಾಗುತ್ತದೆ. ರಾತ್ರಿ ಘಾಟಿಯಲ್ಲಿ ಎದುರು ಬರುವ ಲಾರಿಯ ದೀಪ ಕಣ್ಣಿಗೆ ಹೊಡೆದು ರಸ್ತೆಯೇ ಕಾಣದಂತಾಗುವುದು ಇದಕ್ಕಿಂತ ಅಪಾಯಕರ.

ಕಣ್ಣು ತೋರಿಸಿ ಎಂದರೆ ನಮಗೆ ಸಿಗುವ ಉತ್ತರ ಒಂದೇ: "ಪೊರೆ ಇನ್ನೂ ಹಣ್ಣಾಗಿಲ್ಲ, ಆಗಲಿ." ಕಾಫಿಗೆ ಸಲ್ಲುವ ಈ ಮಾತು ಇಂದು ಕಣ್ಣಿಗೆ ಸಲ್ಲದು. ಆದರೆ ಒಂದು ಕಾಲದಲ್ಲಿ ಸಲ್ಲುತ್ತಿತ್ತು. ಬೀಳಗಿಯಲ್ಲಿ ಹುಟ್ಟಿದ ಡಾ. ಎಂ. ಸಿ. ಮೋದಿಯವರ ನೇತ್ರ ಶಿಬಿರಗಳು ಹಿರಿಯ ಸದಸ್ಯರಿಗೆ ನೆನಪಿರಬಹುದು. 1968ರಲ್ಲಿ ತಿರುಪತಿಯಲ್ಲಿ ಒಂದೇ ದಿನ 833 ಶಸ್ತ್ರಚಿಕಿತ್ಸೆ ಮಾಡಿದ ಮಹನೀಯರು ಅವರು. ಅಂದಿನ ಶಸ್ತ್ರಚಿಕಿತ್ಸೆಯಲ್ಲಿ ಕಣ್ಣಿನ ಮಸೂರವನ್ನೇ ಇಡಿಯಾಗಿ ತೆಗೆಯುತ್ತಿದ್ದರು. ಆಮೇಲೆ ಸೋಡಾ ಬಾಟಲಿಯ ತಳದಂಥ ದಪ್ಪ ಕನ್ನಡಕವೇ ಗತಿ. ಆದ್ದರಿಂದ ದೃಷ್ಟಿ ಬಹುಪಾಲು ಹೋಗುವವರೆಗೆ ಕಾಯುವುದೇ ವಿವೇಕವಾಗಿತ್ತು.

ಈಗಿನ ವಿಧಾನ ಬೇರೆ. ಎರಡನೆಯ ಮಹಾಯುದ್ಧದಲ್ಲಿ ವಿಮಾನದ ಗಾಜುಗೂಡಿನ ಪ್ಲಾಸ್ಟಿಕ್ ಚೂರುಗಳು ಚಾಲಕರ ಕಣ್ಣಿಗೆ ಸಿಡಿದಿದ್ದರೂ ಕಣ್ಣು ಅವನ್ನು ಸಹಿಸಿಕೊಂಡಿದ್ದನ್ನು ಕಂಡ ಹೆರಾಲ್ಡ್ ರಿಡ್ಲಿ ಎಂಬ ವೈದ್ಯರು 1949ರಲ್ಲಿ ಲಂಡನ್ನಿನಲ್ಲಿ ಕಣ್ಣಿನೊಳಗೇ ಕೃತಕ ಮಸೂರ ಕೂರಿಸಿದರು. 1967ರಲ್ಲಿ ಅಮೆರಿಕದ ಚಾರ್ಲ್ಸ್ ಕೆಲ್ಮನ್ ಪೊರೆಯನ್ನು ಶಬ್ದಾತೀತ ತರಂಗದಿಂದ ಪುಡಿಮಾಡಿ ಹೀರುವ ಕ್ರಮ ತಂದರು. ಈ ಕ್ರಮದಲ್ಲಿ ಗಾಯ ಮೂರು ಮಿಲಿಮೀಟರಿನಷ್ಟೂ ಇರುವುದಿಲ್ಲ. ಆದರೆ ಪೊರೆ ಬಲಿತು ಕಲ್ಲಾದಷ್ಟೂ ಪುಡಿಮಾಡಲು ಹೆಚ್ಚು ಶಕ್ತಿ ಬೇಕು, ಕಣ್ಣಿಗೂ ಅಷ್ಟೇ ಶ್ರಮ. ಮೇಲಾಗಿ ಮಬ್ಬೆಲ್ಲ ಪೊರೆಯೇ ಎಂದು ಭಾವಿಸುವಂತಿಲ್ಲ. ಕಣ್ಣಿನ ಒತ್ತಡದ ರೋಗವೋ, ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲಕ್ಕಾದ ಹಾನಿಯೋ ಜೊತೆಗಿದ್ದರೆ ಹೋದ ದೃಷ್ಟಿ ಮರಳುವುದು ಕಷ್ಟ. ಆದ್ದರಿಂದ ದಿನನಿತ್ಯದ ಕೆಲಸಕ್ಕೆ ಅಡ್ಡಿಯಾಗತೊಡಗಿದೊಡನೆ ತೋರಿಸಿಕೊಳ್ಳತಕ್ಕದ್ದು.

ನಮ್ಮ ಕಡೆಯಿಂದ ಬೆಂಗಳೂರಿಗೆ ಹೋಗುವವರಲ್ಲಿ ಮಕ್ಕಳ ಮನೆ ವಿಜಯನಗರ, ಮಾರೇನಹಳ್ಳಿ ಕಡೆ ಇರುವವರಿಗೆ ಅನುಕೂಲ ಹೆಚ್ಚು. (ಜಯನಗರ, ಜೆ. ಪಿ. ನಗರದ ಬಳಿಯೂ ಒಂದು ಮಾರೇನಹಳ್ಳಿ ಇದೆ. ಆಟೋದವರಿಗೆ ವಿಜಯನಗರದ ಮಾರೇನಹಳ್ಳಿ ಎಂದೇ ಹೇಳಿರಿ. ಇಲ್ಲವಾದರೆ ಬೆಳಗಿನ ಜಾವ ಊರಿನ ಇನ್ನೊಂದು ಮೂಲೆಯಲ್ಲಿ ಇಳಿದೀರಿ.) ಡಾ. ಮೋದಿಯವರ ಹೆಸರಿನ ಆಸ್ಪತ್ರೆಯೂ 1982ರಲ್ಲಿ ಡಾ. ಭುಜಂಗ ಶೆಟ್ಟಿಯವರು ಸ್ಥಾಪಿಸಿದ ನಾರಾಯಣ ನೇತ್ರಾಲಯವೂ ಕಾರ್ಡ್ ರಸ್ತೆಯ ಕಡೆಯೇ ಇವೆ. ಸರ್ಕಾರಿ ಮಿಂಟೋ ಆಸ್ಪತ್ರೆಗೆ ವಿಜಯನಗರದಲ್ಲಿ ಮೆಟ್ರೋ ಹತ್ತಿ, ಮೆಜೆಸ್ಟಿಕ್‌ನಲ್ಲಿ ಬದಲಿಸಿ, ಕೃಷ್ಣರಾಜೇಂದ್ರ ಮಾರುಕಟ್ಟೆಯಲ್ಲಿ ಇಳಿಯಬಹುದು. ಯಶಸ್ವಿನಿ ಅಥವಾ ಆರೋಗ್ಯ ಕರ್ನಾಟಕ ಕಾರ್ಡು ಉಳ್ಳವರು ಆಯಾ ಆಸ್ಪತ್ರೆಯಲ್ಲಿ ಅದು ನಡೆಯುವುದೇ ಎಂದು ಮೊದಲೇ ಫೋನ್ ಮಾಡಿ ಕೇಳುವುದು ಒಳ್ಳೆಯದು.

ರಾತ್ರಿ ಬಸ್ಸಿಳಿದು ನೇರವಾಗಿ ಆಸ್ಪತ್ರೆಯ ಸಾಲಿನಲ್ಲಿ ನಿಲ್ಲಬೇಡಿ. ಒಂದು ದಿನ ಮೊದಲೇ ಹೋಗಿ ನಿದ್ದೆ ಮಾಡಿ. ತಪಾಸಣೆಯ ದಿನ ಉಪವಾಸ ಮಾಡಿರೆಂದು ಆಸ್ಪತ್ರೆಯವರೇ ಹೇಳಿದ್ದರೆ ಹೊರತು ತಿಂಡಿ ಬಿಡುವ ಅಗತ್ಯವಿಲ್ಲ. ಸಕ್ಕರೆ ಕಾಯಿಲೆಯವರಂತೂ ತಿಂಡಿಯನ್ನೂ ಮಾತ್ರೆಯನ್ನೂ ತಪ್ಪಿಸಬಾರದು. ಹಳೆಯ ಕನ್ನಡಕ, ಹಿಂದಿನ ಚೀಟಿಗಳು ಜೊತೆಗಿರಲಿ. ತೆಗೆದುಕೊಳ್ಳುತ್ತಿರುವ ಮಾತ್ರೆಗಳ ಹೆಸರು ಬಾಯಲ್ಲಿ ಹೇಳುವ ಬದಲು ಮಾತ್ರೆಯ ಹಾಳೆಗಳನ್ನೇ ಚೀಲಕ್ಕೆ ಹಾಕಿಕೊಳ್ಳಿ. ಇದನ್ನು ಒತ್ತಿ ಹೇಳಲು ಕಾರಣವಿದೆ. ಮೂತ್ರ ಸರಾಗವಾಗಲೆಂದು ವಯಸ್ಸಾದ ಗಂಡಸರಿಗೆ ಕೊಡುವ ಟ್ಯಾಮ್ಸುಲೋಸಿನ್ ಎಂಬ ಔಷಧಿಯಿಂದ ಶಸ್ತ್ರಚಿಕಿತ್ಸೆಯ ನಡುವೆ ಕಣ್ಣಿನ ಪಾಪೆ ಸಡಿಲವಾಗಿ ಕುಗ್ಗುವುದುಂಟು. ಮೊದಲೇ ತಿಳಿದಿದ್ದರೆ ವೈದ್ಯರು ತಕ್ಕ ಸಿದ್ಧತೆ ಮಾಡಿಕೊಳ್ಳುತ್ತಾರೆ. ಕಣ್ಣಿಗೂ ಮೂತ್ರಕ್ಕೂ ಏನು ಸಂಬಂಧವೆಂದು, ಅಥವಾ ಮಗಳೆದುರು ಸಂಕೋಚವೆಂದು, ಈ ಮಾತ್ರೆಯನ್ನು ಮುಚ್ಚಿಡುವವರೇ ನಮ್ಮಲ್ಲಿ ಹೆಚ್ಚು. ಹಿಂದೆ ನುಂಗಿ ಈಗ ಬಿಟ್ಟಿದ್ದರೂ ಹೇಳಬೇಕು. ರಕ್ತ ತೆಳುವಾಗಿಸುವ ಮಾತ್ರೆಯನ್ನು ಸ್ವಂತ ತೀರ್ಮಾನದಿಂದ ನಿಲ್ಲಿಸಕೂಡದು.

ಪಾಪೆ ಅಗಲವಾಗಲು ಹನಿ ಬಿಡುತ್ತಾರೆ. ಕೆಲವು ಗಂಟೆ ಹತ್ತಿರದ್ದು ಮಸುಕು, ಬಿಸಿಲು ಅಸಹ್ಯ. ತಂಪು ಕನ್ನಡಕ ಒಯ್ಯಿರಿ, ಜೊತೆಗೊಬ್ಬರು ಇರಲಿ, ಅಂದು ವಾಹನ ಓಡಿಸಬೇಡಿ. ಹನಿ ಬಿಟ್ಟ ಮೇಲೆ ಕಾಗದಗಳಿಗೆ ಸಹಿ ಹಾಕುವ ಪ್ರಸಂಗ ಬಂದರೆ ಮಕ್ಕಳಿಂದ ಓದಿಸಿ ಕೇಳಿರಿ.

ಅಳತೆ ತೆಗೆಯುವಾಗ, ಯಾವ ಮಸೂರ ಎಂಬ ಮಾತು ಬರುತ್ತದೆ. ಸಾಮಾನ್ಯ ಮಸೂರ ಒಂದೇ ದೂರಕ್ಕೆ ಹೊಂದುತ್ತದೆ. ಸಾಧಾರಣವಾಗಿ ದೂರದ ನೋಟಕ್ಕೆ ಹೊಂದಿಸಿ, ಓದಲು ಕನ್ನಡಕ ಕೊಡುತ್ತಾರೆ. ದೂರಕ್ಕೂ ಹತ್ತಿರಕ್ಕೂ ಆಗುವ ದುಬಾರಿ ಮಸೂರಗಳೂ ಇವೆ. ಆದರೆ ಅವುಗಳಲ್ಲಿ ಕೆಲವರಿಗೆ ರಾತ್ರಿ ದೀಪದ ಸುತ್ತ ಬಳೆಯಂತೆ ಕಾಣುತ್ತದೆ. ನಿಮ್ಮ ದಿನ ಹೇಗೆ ಕಳೆಯುತ್ತದೆಂದು ವೈದ್ಯರಿಗೆ ಹೇಳಿರಿ: ಮರದ ತಲೆಯಲ್ಲಿ ಕೊನೆ ಬಲಿತಿದೆಯೇ ನೋಡುವವರು, ರಾತ್ರಿ ಜೀಪು ಓಡಿಸುವವರು, ದಿನವಿಡೀ ಕೂತು ಅಡಿಕೆ ಸುಲಿಯುವವರು, ಎಲ್ಲರ ಅಗತ್ಯವೂ ಒಂದೇ ಅಲ್ಲ. ಬೆಲೆ ಹೆಚ್ಚಿದ್ದೇ ಉತ್ತಮವೆಂಬ ಲೆಕ್ಕ ಇಲ್ಲಿ ಬೇಡ.

ದಿನ ಗೊತ್ತುಮಾಡುವ ಮುನ್ನ ತೋಟದ ಪಂಚಾಂಗ ನೋಡಿಕೊಳ್ಳಬೇಕು. ಶಸ್ತ್ರಚಿಕಿತ್ಸೆಯ ನಂತರ ಕೆಲವು ವಾರ ಹನಿ ಹಾಕುತ್ತಾ, ಕಣ್ಣಿಗೆ ನೀರು, ಧೂಳು, ಬೆವರು ತಾಗದಂತೆ ಇರಬೇಕಾಗುತ್ತದೆ. ಕೊಯ್ಲಿನ ಕಣದ ಧೂಳು ಆಗದು. ಮಳೆಗಾಲದ ಮುನ್ನಿನ ಬೋರ್ಡೋ ಸಿಂಪಡಣೆಯಂತೂ ಕೂಡದು, ಸುಣ್ಣ ಮೈಲುತುತ್ತದ ಹನಿ ಒಳ್ಳೆಯ ಕಣ್ಣಿಗೇ ಕೇಡು. ನಮ್ಮ ಅಭಿಪ್ರಾಯದಲ್ಲಿ ಕಾಫಿ ಒಣಗಿಸಿ ಮುಗಿದ ಮೇಲೆ, ಮಾರ್ಚ್ ತಿಂಗಳಲ್ಲಿ ತಪಾಸಣೆ ಮಾಡಿಸಿಕೊಂಡರೆ, ಸಿಂಪಡಣೆಯ ಹೊತ್ತಿಗೆ ಮೊದಲ ಕಣ್ಣು ಸುಧಾರಿಸಿರುತ್ತದೆ. ಎರಡನೆಯ ಕಣ್ಣಿಗೂ ಬೇಕೆಂದರೆ ಎಷ್ಟು ಅಂತರ ಎಂಬುದನ್ನು ಅದೇ ದಿನ ಕೇಳಿಕೊಂಡು ಬನ್ನಿ. ಸಿಂಪಡಣೆಯ ಮೇಲ್ವಿಚಾರಣೆಗೆ ಮನೆಯಲ್ಲಿ ಬೇರೆ ಯಾರೂ ಇಲ್ಲದ ಸದಸ್ಯರು ಸಂಘದ ಕಚೇರಿಯಲ್ಲಿ ಮುಂಚಿತವಾಗಿ ತಿಳಿಸಿದರೆ, ನೆರೆಯ ತೋಟದವರೊಡನೆ ಮಾತನಾಡಿ ಏರ್ಪಾಡು ಮಾಡಲು ಪ್ರಯತ್ನಿಸುತ್ತೇವೆ.