ಆರ್ಮ್‌ಗೆ ಕಂಪೈಲ್ ಮಾಡಿದರೂ ಓಡುವುದಿಲ್ಲವೇಕೆ?

ಪ್ರಶ್ನೆ: ಉಬುಂಟು ಲ್ಯಾಪ್‌ಟಾಪ್‌ನಲ್ಲಿ ಆರ್ಮ್‌ಗೆಂದೇ ಕಂಪೈಲ್ ಮಾಡಿದ ಪ್ರೋಗ್ರಾಂ ಹಳೆಯ ರಾಸ್ಪ್‌ಬೆರಿ ಪೈ ಝೀರೋದಲ್ಲಿ ‘ಇಲ್ಲೀಗಲ್ ಇನ್‌ಸ್ಟ್ರಕ್ಷನ್’ ಎಂದು ನಿಂತುಬಿಡುತ್ತದೆ. ಏಕೆ?
— ಓದುಗರೊಬ್ಬರು, ರಂಗಂಪೇಟೆ (ಸುರಪುರ)

ಉತ್ತರ: ಆರ್ಮ್ ಎಂದರೆ ಒಂದೇ ಪ್ರೊಸೆಸರ್ ಅಲ್ಲ, ದೊಡ್ಡ ಮನೆತನ. ಮೊದಲ ಪೈ ಝೀರೋದಲ್ಲಿರುವುದು ಆರ್ಮ್ 6ನೇ ಆವೃತ್ತಿ. ಉಬುಂಟುವಿನ 32 ಬಿಟ್ ಆರ್ಮ್ ಕಂಪೈಲರ್ ನೀವು ಏನೂ ಹೇಳದಿದ್ದರೆ 7ನೇ ಆವೃತ್ತಿಗೆ ಕೋಡ್ ಹೊರಡಿಸುತ್ತದೆ. ತನಗೆ ಗೊತ್ತಿಲ್ಲದ ಸೂಚನೆ ಕಂಡಾಗ ಚಿಪ್ ಮುಂದೆ ಹೋಗುವುದಿಲ್ಲ.

ಬೋರ್ಡ್‌ನಲ್ಲಿ ‘ಯುನೇಮ್ -ಎಂ’ ಕೊಟ್ಟು ನೋಡಿ. ‘ಆರ್ಮ್‌ವಿ6ಎಲ್’ ಎಂದು ಬರುತ್ತದೆ. ಆದರೆ ಕಂಪೈಲರ್‌ಗೆ 6 ಎಂದಷ್ಟೇ ಹೇಳಿದರೆ ಸಾಲದು. ಜೊತೆಗೆ ಸೇರಿಕೊಳ್ಳುವ ಸಿ ಲೈಬ್ರರಿಯೂ 7ಕ್ಕೇ ಸಿದ್ಧವಾದದ್ದು. ಪೈಗೆಂದೇ ಕಟ್ಟಿದ ಕಂಪೈಲರ್, ಲೈಬ್ರರಿಗಳನ್ನೇ ಬಳಸಿ.

ಆವೃತ್ತಿಯ ಜೊತೆ ದಶಮಾಂಶ ಗಣಿತವನ್ನೂ ಗಮನಿಸಬೇಕು. ಉದಾಹರಣೆಗೆ, ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ವಿಜ್ಞಾನಿಗಳು ಮತ್ತು ಎನ್ಕೋರ್ ಸಾಫ್ಟ್‌ವೇರ್ ಎಂಜಿನಿಯರ್‌ಗಳು ರೂಪಿಸಿದ ಸಿಂಪ್ಯೂಟರ್ ಎಂಬ ಅಂಗೈ ಕಂಪ್ಯೂಟರ್‌ನಲ್ಲಿ 206 ಮೆಗಾಹರ್ಟ್ಸ್‌ನ ಸ್ಟ್ರಾಂಗ್‌ಆರ್ಮ್ ಚಿಪ್ ಇತ್ತು. ಅದು 4ನೇ ಆವೃತ್ತಿ. ದಶಮಾಂಶ ಲೆಕ್ಕಕ್ಕೆ ಪ್ರತ್ಯೇಕ ಘಟಕವೇ ಇರಲಿಲ್ಲ. ಅಂಥ ಚಿಪ್‌ಗೆ ಆ ಲೆಕ್ಕವನ್ನು ಸಾಫ್ಟ್‌ವೇರ್‌ನಲ್ಲೇ ಮಾಡುವ ‘ಸಾಫ್ಟ್ ಫ್ಲೋಟ್’ ಟಾರ್ಗೆಟ್ ಬೇಕು. ನಿಮ್ಮ ಪೈ ಝೀರೋದಲ್ಲಿ ಆ ಘಟಕವಿದೆ. ‘ಹಾರ್ಡ್ ಫ್ಲೋಟ್’ ಆರಿಸಿಕೊಳ್ಳಿ.